ಮಲೆನಾಡು ಗಿಡ್ಡದ ಜೀನೋಮ್ ಅಧ್ಯಯನಕ್ಕೆ ಸೀಡ್ ಗ್ರಾಂಟ್: ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಉಡುಪಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ಕಾರ್ಕಳ ಮತ್ತು ಹೆಬ್ರಿ ಭಾಗದ ಮಲೆನಾಡು ಗಿಡ್ಡ ದನಗಳ ಜೀನೋಮ್ (ಒಂದು ಜೀವಿಯ ಡಿಎನ್ಎಯ ಪೂರ್ಣ ಪಾಠ) ಅಧ್ಯಯನಕ್ಕೆಂದು ನಮ್ಮ ಆಡಳಿತ ಮಂಡಳಿಯವರು ಒಂದು ವರ್ಷದ ಅವಧಿಗೆ ಮೂರು ಲಕ್ಷ ರೂಪಾಯಿ ಸೀಡ್ ಗ್ರಾಂಟ್ ಮಂಜೂರು ಮಾಡಿದ್ದಾರೆ. ಅರ್ಧ ಹಣದಲ್ಲಿ ಡಿಎನ್ಎಯ ಪ್ರತಿಗಳನ್ನು ಹೆಚ್ಚಿಸುವ ಒಂದು ಪಿಸಿಆರ್ ಯಂತ್ರವನ್ನು ಕೊಂಡು, ಉಳಿದುದರಲ್ಲಿ ಕೆಲವು ದನಗಳ ಪೂರ್ಣ ಜೀನೋಮ್ ಸೀಕ್ವೆನ್ಸಿಂಗ್ ಮಾಡಿಸಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ನಮಸ್ಕಾರ. ಈ ಹಣದಲ್ಲಿ ಯಂತ್ರವನ್ನು ಕೊಳ್ಳಬೇಡಿ. ಮುಂದೆ ನೀವು ಸಲ್ಲಿಸುವ ದೊಡ್ಡ ಅರ್ಜಿಯನ್ನು ಪರಿಶೀಲಿಸುವ ತಜ್ಞರಿಗೆ, ಈ ಕೆಲಸ ನಿಮ್ಮಿಂದ ಆಗುತ್ತದೆ ಎಂಬ ಭರವಸೆ ಮೂಡಿಸುವ ಪ್ರಾಥಮಿಕ ದತ್ತಾಂಶವನ್ನು ಸಿದ್ಧಪಡಿಸುವುದಕ್ಕೇ ಸೀಡ್ ಗ್ರಾಂಟ್ ಇರುವುದು. ಯಂತ್ರದ ಫೋಟೋದಿಂದ ಆ ಭರವಸೆ ಮೂಡುವುದಿಲ್ಲ.

ಪೂರ್ಣ ಜೀನೋಮ್ ವಿಷಯದಲ್ಲಿಯೂ ಸ್ವಲ್ಪ ಲೆಕ್ಕ ಹಾಕಿ ನೋಡಿ. ದನದ ಜೀನೋಮ್‌ನಲ್ಲಿ ಸುಮಾರು 270 ಕೋಟಿ ಬೇಸ್‌ಗಳಿವೆ, ಅಂದರೆ ಡಿಎನ್ಎಯ ಅಕ್ಷರಗಳಿವೆ; ಪ್ರತಿಯೊಂದನ್ನೂ ಸರಾಸರಿ 30 ಸಲ ಓದಿಸಿದರೆ ಒಂದೇ ದನಕ್ಕೆ 8,000 ಕೋಟಿಗೂ ಹೆಚ್ಚು ಬೇಸ್‌ಗಳ ದತ್ತಾಂಶ ಬಂದು ಬೀಳುತ್ತದೆ, ಅದನ್ನು ಇಡಲು ಮತ್ತು ವಿಶ್ಲೇಷಿಸಲು ಬೇಕಾದ ಕಂಪ್ಯೂಟರ್ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಇರುವುದಿಲ್ಲ. ಅಷ್ಟೆಲ್ಲ ಮಾಡಿದ ಮೇಲೂ ಬೆರಳೆಣಿಕೆಯ ದನಗಳಿಂದ ವ್ಯತ್ಯಾಸಗಳ ಒಂದು ಉದ್ದನೆಯ ಪಟ್ಟಿ ಸಿಗುತ್ತದೆಯೇ ಹೊರತು, ಯಾವ ವ್ಯತ್ಯಾಸಕ್ಕೂ ಯಾವ ಗುಣಕ್ಕೂ ಸಂಬಂಧ ಎಂದು ಹೇಳಲಾಗುವುದಿಲ್ಲ.

ಪ್ರಶ್ನೆಯನ್ನೇ ಚಿಕ್ಕದು ಮಾಡಿಕೊಳ್ಳಿ. ಕೃತಕ ಗರ್ಭಧಾರಣೆಯ ಮೂಲಕ ಜರ್ಸಿ ಮತ್ತು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಗಳ ರಕ್ತ ನಮ್ಮ ಹಟ್ಟಿಗಳಿಗೆ ಬಂದು ದಶಕಗಳಾದವು. ನೋಡಲು ಗಿಡ್ಡದಂತೆಯೇ ಇರುವ ದನಗಳಲ್ಲಿ ಆ ಬೆರಕೆ ಎಷ್ಟಿದೆ ಎಂಬುದೊಂದೇ ನಿಮ್ಮ ಪ್ರಶ್ನೆಯಾಗಲಿ. ಇದಕ್ಕೆ, ಪೂರ್ಣ ಜೀನೋಮ್ ಓದದೆ ಅದರಲ್ಲಿ ಮೊದಲೇ ಆರಿಸಿಟ್ಟ ಒಂದಕ್ಷರದ ವ್ಯತ್ಯಾಸಗಳನ್ನಷ್ಟೇ ಪರೀಕ್ಷಿಸುವ ಎಸ್‌ಎನ್‌ಪಿ ಚಿಪ್ ಸಾಕು, ಮತ್ತು ಹೋಲಿಕೆಗೆ ಬೇಕಾದ ವಿದೇಶಿ ತಳಿಗಳ ದತ್ತಾಂಶ ಸಾರ್ವಜನಿಕ ಸಂಗ್ರಹಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೆ ಚಿಪ್ಪಿನ ಆಯ್ಕೆಯಲ್ಲಿ ಎಚ್ಚರವಿರಲಿ. 2009ರಲ್ಲಿ ಪ್ರಕಟವಾದ ದನದ ಮೊದಲ ಜೀನೋಮ್ ಹೆರೆಫರ್ಡ್ ತಳಿಯ ಹಸುವಿನದು, ಹಳೆಯ ಚಿಪ್‌ಗಳಲ್ಲಿನ ಗುರುತುಗಳನ್ನೂ ಹೆಚ್ಚಾಗಿ ವಿದೇಶಿ ತಳಿಗಳನ್ನು ನೋಡಿಯೇ ಆರಿಸಲಾಗಿತ್ತು. ಬೆರಕೆಯನ್ನು ಅಳೆಯಲು ಅವು ಆದೀತು, ಆದರೆ ಗಿಡ್ಡದೊಳಗಿನ ವೈವಿಧ್ಯವನ್ನು ಅವು ಇರುವುದಕ್ಕಿಂತ ಕಡಿಮೆಯಾಗಿಯೇ ತೋರಿಸುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯು 2021ರಲ್ಲಿ ಹೊರತಂದ ಇಂಡಿಗೌ ಚಿಪ್ ದೇಶಿ ತಳಿಗಳಿಗೆಂದೇ ರೂಪಿಸಿದ್ದು. 2024ರಲ್ಲಿ ಗೌ ಚಿಪ್ ಸಹ ಬಿಡುಗಡೆಯಾಗಿದೆ. ಆಯಾ ಸಂಸ್ಥೆಗೆ ಪತ್ರ ಬರೆದು, ಮಾದರಿಗಳನ್ನು ಯಾವ ಷರತ್ತಿನ ಮೇಲೆ ಪರೀಕ್ಷಿಸಿಕೊಡುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ಉಳಿದ ಹಣ ತಿರುಗಾಟಕ್ಕೂ ದಾಖಲೆಗೂ ಹೋಗಲಿ. ಒಂದು ಮನೆಯಿಂದ ಒಂದೇ ದನ. ತಾಯಿ ಮತ್ತು ಮಗಳು ಇಬ್ಬರದ್ದನ್ನೂ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಲು, ಕರುಗಳ ಸಂಖ್ಯೆ, ಎದೆಯ ಸುತ್ತಳತೆ, ಹೆಗಲ ಎತ್ತರ, ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದ್ದರೆ ಯಾವ ತಳಿಯದ್ದು ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿ. ಸಂಜೆ ಬರೆದುಕೊಳ್ಳುತ್ತೇನೆ ಎಂದರೆ ಎರಡು ಮನೆಯ ಕಥೆ ಒಂದಾಗುತ್ತದೆ. ರಕ್ತವನ್ನು ಪಶುವೈದ್ಯರೇ ತೆಗೆದು, ಅದು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಲಿ. ಮನೆಯವರು ಒಪ್ಪದಿದ್ದರೆ ಬಾಲದ ಕೂದಲನ್ನು ಬುಡ ಸಮೇತ ಕಿತ್ತು ಕಾಗದದ ಲಕೋಟೆಯಲ್ಲಿ ಇಟ್ಟುಕೊಂಡರೂ ಚಿಪ್ಪಿಗೆ ಬೇಕಾದಷ್ಟು ಡಿಎನ್ಎ ಸಿಗುತ್ತದೆ. ಪ್ರಾಣಿ ನೈತಿಕತಾ ಸಮಿತಿಯ ಅನುಮತಿಗೆ ಇಂದೇ ಅರ್ಜಿ ಹಾಕಿ, ಏಕೆಂದರೆ ಒಂದು ವರ್ಷದ ಅನುದಾನದಲ್ಲಿ ಹೆಚ್ಚು ಕಾಲ ತಿನ್ನುವುದು ಇದೇ.

ಪ್ರಶ್ನೆ: ಮೇಡಂ, ನಾನು ಮಂಗಳೂರಿನಲ್ಲಿ ಮೀನುಗಾರಿಕೆಯ ಸ್ನಾತಕೋತ್ತರ ವಿದ್ಯಾರ್ಥಿನಿ. ಬೂತಾಯಿ ಮೀನಿನ ಮೇಲೆ ಇಂತಹದೇ ಸಣ್ಣ ಯೋಜನೆಯನ್ನು ನಮ್ಮ ಮಾರ್ಗದರ್ಶಕರು ಬರೆಯಲು ಹೇಳಿದ್ದಾರೆ. ಅದರ ಜೀನೋಮನ್ನೇ ಮೊದಲು ಮಾಡಬೇಕಾಗುತ್ತದೆಯೇ?

ಉತ್ತರ: ಬೇಡಮ್ಮ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬೂತಾಯಿಯ ಜೀನೋಮನ್ನು 2023ರಲ್ಲಿಯೇ ಬಿಡಿಸಿದ್ದಾರೆ. ಅತ್ಯಂತ ಖರ್ಚಿನ ಭಾಗ ಮುಗಿದಿರುವುದರಿಂದ, ಬೇರೆ ಬೇರೆ ಕಡೆಯ ಮೀನುಗಳನ್ನು ಅದರೊಂದಿಗೆ ಹೋಲಿಸುವುದಷ್ಟೇ ನಿಮ್ಮ ಕೆಲಸ. ಒಂದು ತೊಡಕಿದೆ: ಮಲ್ಪೆಯ ಬಂದರಿನಲ್ಲಿ ಇಳಿದ ಮೀನೆಲ್ಲ ಮಲ್ಪೆಯ ನೀರಿನದಾಗಿರುವುದಿಲ್ಲ. ಬಲೆ ಬೀಸಿದ ಜಾಗವನ್ನು ಬೋಟು ನಡೆಸುವ ತಾಂಡೇಲರ ಬಳಿ ಕೇಳಿ, ಸಾಧ್ಯವಾದರೆ ಬೋಟಿನ ಜಿಪಿಎಸ್ ನೋಡಿ ಬರೆದುಕೊಂಡು, ಅದಾದ ಮೇಲೆ ರೆಕ್ಕೆಯ ತುಂಡನ್ನು ಎಥನಾಲಿಗೆ ಹಾಕಿ.

ಪ್ರಶ್ನೆ (ಮೊದಲಿನವರು): ವರ್ಷ ಮುಗಿದ ಬಳಿಕ ಎಲ್ಲಿ ಅರ್ಜಿ ಹಾಕಬಹುದು?

ಉತ್ತರ: ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಯುವ ವಿಜ್ಞಾನಿಗಳಿಗೆಂದು ಸೀಡ್ ಮನಿ ಯೋಜನೆಯನ್ನು ನಡೆಸಿಕೊಂಡು ಬಂದಿದೆ, ಅದು ನಿಮಗೆ ಹತ್ತಿರದ ಮೆಟ್ಟಿಲು. ಅದರ ಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಹಾಗೂ 2023ರ ಕಾಯ್ದೆಯಿಂದ ರೂಪುಗೊಂಡು ಹಿಂದಿನ ಎಸ್‌ಇಆರ್‌ಬಿಯನ್ನು (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಒಳಗೊಂಡಿರುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇವೆ. ಅಲ್ಲಿ ಹಣ ದೊರೆತರೆ ವರ್ಷಾಂತ್ಯಕ್ಕೆ ಜಿಎಫ್ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯ ವಿನಿಯೋಗ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆದ್ದರಿಂದ ಈ ಮೂರು ಲಕ್ಷಕ್ಕೂ ಬಿಲ್ಲುಗಳನ್ನು ಅದೇ ಶಿಸ್ತಿನಲ್ಲಿ ಜೋಡಿಸಿಡಿ. ಹೊರದೇಶದವರು ಜಂಟಿ ಕೆಲಸಕ್ಕೆ ಕರೆದರೆ, ಮಾದರಿ ಕಳುಹಿಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು ಎಂಬುದನ್ನು ಅವರಿಗೆ ಮೊದಲ ಪತ್ರದಲ್ಲಿಯೇ ತಿಳಿಸಿ.