ಜಪಾನಿನ ಗಲ್ಲಿಗಳಲ್ಲಿ ಹಳೇ ಕಾರು ಹುಡುಕುವುದು ಹೇಗೆ? ಅನುಭವ ಇದ್ದವರು ಹೇಳಿ

ಮುಂದಿನ ತಿಂಗಳು ಕೆಲಸದ ಮೇಲೆ ಆರು ವಾರ ನಗೋಯಾಗೆ ಹೋಗುತ್ತಿದ್ದೇನೆ. ಹಳೇ ಜಪಾನಿ ಕಾರುಗಳೆಂದರೆ ನನಗೆ ಪ್ರಾಣ. ಮ್ಯೂಸಿಯಂ ಹೇಗೂ ನೋಡುತ್ತೇನೆ, ಅದು ಬೇರೆ. ನನಗೆ ಬೇಕಿರುವುದು ಯಾರದೋ ಮನೆ ಮುಂದೆ, ಅಂಗಡಿ ಪಕ್ಕ ಸುಮ್ನೆ ನಿಂತಿರುವ, ಇವತ್ತಿಗೂ ಓಡುವ ಕಾರು. ಹಿಂದೊಮ್ಮೆ ಟೋಕಿಯೋದಲ್ಲಿ ನಾಲ್ಕು ದಿನ ಕಾಲು ನೋಯುವಷ್ಟು ನಡೆದೆ, ಒಂದೂ ಕಣ್ಣಿಗೆ ಬೀಳಲಿಲ್ಲ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು?

ಉತ್ತರ 1 (ನಗೋಯಾದಲ್ಲಿ ಏಳು ವರ್ಷ ಇದ್ದೆ)

ನೀವು ರಸ್ತೆ ನೋಡುತ್ತಾ ನಡೆದಿದ್ದೀರಿ, ಅದಕ್ಕೇ ಸಿಕ್ಕಿಲ್ಲ. ಅಲ್ಲಿ ಕಾರು ಇಟ್ಟುಕೊಳ್ಳಬೇಕಾದರೆ ನಿಲ್ಲಿಸಲು ಜಾಗ ಇದೆ ಎಂದು ಮೊದಲು ತೋರಿಸಬೇಕು. 1962ರ ಕಾನೂನು ಅದು. ಪೊಲೀಸ್ ಠಾಣೆಯಲ್ಲಿ ಪತ್ರ ಮಾಡಿಸಬೇಕು, ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗೇ ಇರಬೇಕು. ಹಾಗಾಗಿ ರಾತ್ರಿಯಿಡೀ ರಸ್ತೆ ಬದಿ ಕಾರು ಬಿಡುವ ಅಭ್ಯಾಸವೇ ಅಲ್ಲಿಲ್ಲ. ಮನೆ ಮುಂದಿನ ಸಣ್ಣ ಕಾಂಕ್ರೀಟ್ ಜಾಗದಲ್ಲಿ ಇರುತ್ತದೆ, ಇಲ್ಲವೇ ತಿಂಗಳ ಬಾಡಿಗೆಯ ಪಾರ್ಕಿಂಗ್‌ನಲ್ಲಿ. ಅಂಥ ಪಾರ್ಕಿಂಗ್‌ಗೆ ‘ತ್ಸುಕಿಗಿಮೆ’ ಎನ್ನುತ್ತಾರೆ. ಬೋರ್ಡಿನ ಮೊದಲ ಅಕ್ಷರ ಕಲಿತುಬಿಡಿ. ನಮ್ಮ ‘ತಿಂಗಳು’ ಪದದ ಹಾಗೆ ಅದಕ್ಕೂ ಚಂದ್ರ ಮತ್ತು ತಿಂಗಳು ಎಂಬ ಎರಡೂ ಅರ್ಥ ಇದೆ. ಆ ಅಕ್ಷರ ಕಂಡ ಕಡೆಯೆಲ್ಲ ಎರಡು ನಿಮಿಷ ನಿಂತು, ಮೂಲೆ ಮೂಲೆ ನೋಡಿ.

ನನಗೆ ಸಿಕ್ಕಿದ್ದೂ ಹಾಗೆಯೇ. ಮೂರು ವರ್ಷ ದಿನಾ ಅದೇ ಗಲ್ಲಿಯಲ್ಲಿ ಸ್ಟೇಷನ್‌ಗೆ ಹೋಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಪಾರ್ಕಿಂಗ್‌ನ ಕೊನೆಯ ಸಾಲಿನಲ್ಲಿದ್ದ ದೊಡ್ಡ ವ್ಯಾನ್ ಹೊರಗೆ ಹೋಗಿತ್ತು. ಅದರ ಹಿಂದೆ ಕೆನೆ ಬಣ್ಣದ ಟೊಯೋಟಾ ಪಬ್ಲಿಕಾ! 1961ರಲ್ಲಿ ಬಂದ ಮಾದರಿ. ಎರಡು ಸಿಲಿಂಡರ್, ಗಾಳಿಯಿಂದ ತಣ್ಣಗಾಗುವ 697 ಸಿಸಿ ಎಂಜಿನ್. ಬಂಪರ್‌ನ ಕ್ರೋಮ್ ಅಲ್ಲಲ್ಲಿ ಮಂಕಾಗಿತ್ತು, ಆದರೆ ಬಾಗಿಲ ಹಿಡಿಯ ಸುತ್ತ ಬಣ್ಣ ಉಜ್ಜಿ ಉಜ್ಜಿ ತೆಳುವಾಗಿ, ಒಳಗಿನ ಪದರ ಕಾಣುತ್ತಿತ್ತು. ಅಷ್ಟು ವರ್ಷ ಯಾರೋ ಅದನ್ನು ಒರೆಸಿದ್ದಾರೆ. ನಂಬರ್ ಪ್ಲೇಟ್ ಮೇಲೆ ಊರಿನ ಹೆಸರಿನ ಒಂದೇ ಅಕ್ಷರ, ಪಕ್ಕದಲ್ಲಿ ಬರೀ 5. ಆ 5ರ ಮಹತ್ವ ನನಗೆ ಆಗ ಗೊತ್ತಿರಲಿಲ್ಲ.

ಉತ್ತರ 2

ಮೇಲಿನವರು ಹೇಳಿದ ಆ ಒಂಟಿ 5ರ ಬಗ್ಗೆ ಬರೆಯಲೇಬೇಕು. ಪ್ಲೇಟ್‌ನ ಮೇಲಿನ ಸಾಲಿನಲ್ಲಿ ನೋಂದಣಿ ಕಚೇರಿಯ ಹೆಸರು, ಅದರ ಪಕ್ಕ ವಾಹನದ ವರ್ಗದ ಸಂಖ್ಯೆ ಇರುತ್ತದೆ. ಈಗಿನ ಕಾರುಗಳಲ್ಲಿ ಅದು ಮೂರಂಕಿ. ಮೂರಂಕಿ ಶುರುವಾಗಿದ್ದು 1990ರ ದಶಕದ ಕೊನೆಗೆ. ಅದಕ್ಕೆ ಮೊದಲು ಎರಡಂಕಿ, ಅದಕ್ಕೂ ಮೊದಲು ಒಂದಂಕಿ. ಕಾರು ಬೇರೆ ಕಚೇರಿಯ ವ್ಯಾಪ್ತಿಗೆ ಹೋದರೆ ಪ್ಲೇಟ್ ಬದಲಾಗುತ್ತದೆ. ಹಾಗಾಗಿ ಒಂದಂಕಿ ಉಳಿದಿದೆ ಎಂದರೆ ಆ ಕಾರು ಸುಮಾರು 1960ರ ದಶಕದಿಂದ ಅದೇ ಊರಿನ ಸುತ್ತ ಇದೆ ಎಂದು ಅರ್ಥ. ಹೆಚ್ಚಾಗಿ ಒಂದೇ ಮನೆಯಲ್ಲಿ, ಅಪ್ಪನಿಂದ ಮಗನಿಗೆ ಬಂದಿರುತ್ತದೆ. ನನ್ನ ಮಟ್ಟಿಗೆ ಲಕಲಕ ಹೊಳೆಯುವ ಅಪರೂಪದ ಸ್ಪೋರ್ಟ್ಸ್ ಕಾರಿಗಿಂತ ಒಂದಂಕಿಯ ಸಾದಾ ಕಾರೇ ದೊಡ್ಡದು.

ಪುಟ್ಟ ‘ಕೇ’ ಕಾರುಗಳಿಗೆ ಹಳದಿ ಪ್ಲೇಟ್ ಬಂದಿದ್ದು 1975ರಲ್ಲಿ. ಅದಕ್ಕೂ ಹಿಂದಿನವಕ್ಕೆ ಬೈಕ್ ಪ್ಲೇಟ್‌ನಷ್ಟು ಚಿಕ್ಕ ಬಿಳಿ ಪ್ಲೇಟ್, ಹಸಿರು ಅಕ್ಷರ. ಸುಬಾರು 360 ಸಿಕ್ಕರೆ ಮೊದಲು ಅದನ್ನೇ ನೋಡಿ.

ಉತ್ತರ 3

ನಾನು ನೋಡುವುದು ಕನ್ನಡಿ. ಜಪಾನಿನಲ್ಲಿ ಬಾಗಿಲ ಮೇಲಿನ ಕನ್ನಡಿಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅದಕ್ಕೆ ಮೊದಲು ಅಲ್ಲಿನ ಕಾರುಗಳಿಗೆ ಬಾನೆಟ್ ಪಕ್ಕ, ಮುಂದಿನ ಚಕ್ರದ ಮೇಲೆ ಕನ್ನಡಿ ಇರುತ್ತಿತ್ತು. ದೂರದಿಂದಲೇ ಗೊತ್ತಾಗುತ್ತದೆ. ಹಳೇ ಟ್ಯಾಕ್ಸಿ ಕಂಡು ಮಾತ್ರ ಮೋಸ ಹೋಗಬೇಡಿ. ಟೊಯೋಟಾ ಕ್ರೌನ್ ಕಂಫರ್ಟ್ ಬಂದಿದ್ದು 1995ರಲ್ಲಿ, ಕನ್ನಡಿ ಮಾತ್ರ ಹಳೇ ಜಾಗದಲ್ಲೇ.

ಹೊದಿಕೆ ಹೊದ್ದ ಕಾರನ್ನೂ ಬಿಡಬೇಡಿ. ಹೊದಿಕೆಯಲ್ಲಿ ತೀರಾ ಮುಂದಕ್ಕೆ ಎರಡು ಉಬ್ಬು ಕಂಡರೆ ಅದು ಆ ಕನ್ನಡಿಯೇ.

ಇನ್ನೊಂದು ಗೊಂದಲ: ಹಳೇ ಮುಖದ ಹೊಸ ಕಾರು. ಮಿತ್ಸುಓಕಾ ವ್ಯೂಟ್ 1960ರ ದಶಕದ ಇಂಗ್ಲೆಂಡಿನ ಕಾರಿನಂತೆ ಕಾಣುತ್ತದೆ, ಒಳಗೆ ನಿಸ್ಸಾನ್ ಮಾರ್ಚ್. 1989ರ ನಿಸ್ಸಾನ್ ಪಾವೋ, 1991ರ ಫಿಗಾರೋ ಕೂಡ ಮಾರ್ಚ್ ಮೇಲೆಯೇ ಕಟ್ಟಿದ್ದು. ಆದರೆ ಪಾವೋವನ್ನು ನಾನು ಬಿಡುವುದಿಲ್ಲ. ಹೊರಗೆ ಕಾಣುವ ಬಾಗಿಲ ಕೀಲು, ಮೇಲಕ್ಕೆ ಎತ್ತುವ ಪಕ್ಕದ ಕಿಟಕಿ, ಎಷ್ಟು ಚಂದ ಅಲ್ವಾ? ಅದಕ್ಕೂ ಈಗ ಮೂವತ್ತೈದು ದಾಟಿದೆ.

ಹಕೋಸುಕಾ ಕೇಳಿಯೇ ಕೇಳುತ್ತೀರಿ. ‘ಹಕೋ’ ಎಂದರೆ ಪೆಟ್ಟಿಗೆ, ‘ಸುಕಾ’ ಎಂದರೆ ನಿಸ್ಸಾನ್‌ನ ಸ್ಕೈಲೈನ್ ಕಾರು. 1969ರಲ್ಲಿ ಬಂದ ಅದರ ವೇಗದ ಮಾದರಿ ಜಿಟಿ-ಆರ್‌ನಲ್ಲಿ ಹಿಂದಿನ ಚಕ್ರದ ಮೇಲೆ ಹಾಯುವ ಗೆರೆಯನ್ನು ಅಗಲ ಟೈರಿಗಾಗಿ ಕತ್ತರಿಸಿದ್ದರು. ಸಾದಾ ಸ್ಕೈಲೈನ್‌ಗೂ ಹಾಗೆ ಕತ್ತರಿಸಿದವರು ಬಹಳ ಜನ. ಹಾಗಾಗಿ ಹೊರಗಿನಿಂದ ನೋಡಿ ಅಸಲಿ ಎಂದು ಹೇಳಲು ಹೋಗಬೇಡಿ.

ಉತ್ತರ 4

ಒಂದೇ ಮಾತು: ಜಾಗದ ಒಳಗೆ ಕಾಲಿಡಬೇಡಿ. ಅದು ಒಬ್ಬರ ಮನೆ ಅಂಗಳ. ರಸ್ತೆಯಲ್ಲಿ ನಿಂತೇ ನೋಡಿ. ಮಾಲೀಕರು ಕಂಡರೆ ‘ಸುಮಿಮಾಸೆನ್, ಶಾಶಿನ್ ಈ ದೆಸ್ ಕಾ?’ ಎಂದು ಕೇಳಿ, ಫೋಟೋ ತೆಗೆಯಬಹುದಾ ಅಂತ. ಎಲ್ಲಾದರೂ ಹಾಕುವ ಮುಂಚೆ ನಂಬರ್ ಮುಚ್ಚಿ. ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ತಪಾಸಣೆ ಮಾಡಿಸಿ, 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಸುಮಾರು 15% ಜಾಸ್ತಿ ತೆರಿಗೆ ಕಟ್ಟಿ ಆ ಕಾರನ್ನು ಉಳಿಸಿಕೊಂಡಿದ್ದಾರೆ. ಅವರ ನೆಮ್ಮದಿ ನಮ್ಮ ಫೋಟೋಗಿಂತ ಮುಖ್ಯ.

ಕೇಳಿದವನೇ, ವಾಪಸ್ ಬಂದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಮೂರು ವಾರ ಎರಡು ಪಾವೋ ಬಿಟ್ಟರೆ ಏನೂ ಇಲ್ಲ. ನಾಲ್ಕನೇ ಭಾನುವಾರ ಒಂದು ತ್ಸುಕಿಗಿಮೆಯಲ್ಲಿ ಬೂದು ಹೊದಿಕೆ ಕಂಡಿತು, ತೀರಾ ಮುಂದೆ ಎರಡು ಉಬ್ಬು. ನಾನು ರಸ್ತೆಯಲ್ಲೇ ನಿಂತೆ. ಹತ್ತು ನಿಮಿಷಕ್ಕೆ ವಯಸ್ಸಾದ ಒಬ್ಬರು ಬಕೆಟ್ ಹಿಡಿದು ಬಂದರು. ಹೊದಿಕೆ ತೋರಿಸಿ, ಕಲಿತಿದ್ದ ಒಂದೇ ವಾಕ್ಯ ಹೇಳಿದೆ. ಅವರು ನಕ್ಕು, ಹಿಂದಿನಿಂದ ಬಿಚ್ಚುತ್ತಾ ಬಂದರು. ಇಸುಜು 117 ಕೂಪೆ! 1968ರಲ್ಲಿ ಬಂದ, ಇಟಲಿಯ ವಿನ್ಯಾಸಕಾರ ಜುಜಾರೋ ವಿನ್ಯಾಸದ ಕಾರು. ಅಷ್ಟು ತೆಳ್ಳನೆ ಕಂಬಗಳ ಮೇಲೆ ಚಾವಣಿ ಹೇಗೆ ನಿಂತಿದೆ ಎನಿಸುತ್ತದೆ. ಪ್ಲೇಟ್‌ನಲ್ಲಿ ಎರಡಂಕಿ. ಅವರು ಬಾಗಿಲು ತೆರೆದು ಒಳಗೂ ತೋರಿಸಿದರು.

ಹೊದಿಕೆಯ ಉಬ್ಬಿನ ಜಾಗದಲ್ಲಿ ಬೇರೆ ಬಟ್ಟೆಯ ಎರಡು ಪುಟ್ಟ ಚೀಲಗಳಿದ್ದವು, ಕೈಯಲ್ಲೇ ಹೊಲಿದದ್ದು. ಹೊರಡುವಾಗ ಒಂದು ಕನ್ನಡಿಗೆ ಅವರು ಚೀಲ ತೊಡಿಸಿದರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.