ಸಹಾಯ ಬೇಕು: ಗೇಮಿಂಗ್ ಕಂಪ್ಯೂಟರ್‌ಗೆ ಪವರ್ ಸಪ್ಲೈ ಮತ್ತು ರ್‍ಯಾಮ್ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಹೊಸ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟಿದ್ದೇನೆ. ಎರಡು ವಿಷಯದಲ್ಲಿ ತಲೆ ಕೆಟ್ಟು ಹೋಗಿದೆ.

ಪ್ರೊಸೆಸರ್ ರೈಜನ್ 7 7800ಎಕ್ಸ್3ಡಿ. ಅದರ 96 ಎಂಬಿ ಎಲ್3 ಕ್ಯಾಶ್‌ಗೇ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ಮನಸೋತಿದ್ದು, ಆ ಬಗ್ಗೆ ಚರ್ಚೆ ಬೇಡ! ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070 ಸೂಪರ್, 12 ಜಿಬಿ. ಮಾನಿಟರ್ 1440ಪಿ, 165 ಹರ್ಟ್ಸ್, ಅದು ಈಗಾಗಲೇ ಇದೆ.

ಮೊದಲು ಪವರ್ ಸಪ್ಲೈ. ಕಾರ್ಡ್‌ಗೆ 220 ವ್ಯಾಟ್, ಪ್ರೊಸೆಸರ್‌ಗೆ 120. ಕೂಡಿಸಿದರೆ 650 ವ್ಯಾಟ್‌ನದು ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಒಮ್ಮೆ ಕೈ ಸುಟ್ಟುಕೊಂಡವನು ನಾನು. ಹಳೇ ಕಂಪ್ಯೂಟರ್‌ನಲ್ಲಿ ಆಟ ಬಿಸಿಯೇರಿದ ಹೊತ್ತಿಗೇ ಟಕ್ ಅಂತ ಒಂದು ಸದ್ದು, ಸ್ಕ್ರೀನ್ ಕಪ್ಪು. ಫ್ಯಾನ್‌ಗಳು ಗಿರಗಿರ ಸುತ್ತಿ ನಿಧಾನಕ್ಕೆ ನಿಲ್ಲುತ್ತಿದ್ದವು. ಎರಡು ತಿಂಗಳು ಸುಮ್ನೆ ಡ್ರೈವರ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ. ಕೊನೆಗೆ ನೋಡಿದರೆ ದುಡ್ಡು ಉಳಿಸೋಣ ಅಂತ ತಂದಿದ್ದ ಪವರ್ ಸಪ್ಲೈದೇ ತಪ್ಪು. ಕಾರ್ಡ್ ಅರೆಕ್ಷಣ ಜಾಸ್ತಿ ಕರೆಂಟ್ ಎಳೆದರೆ ಅದಕ್ಕೆ ತಡೆಯಲು ಆಗುತ್ತಿರಲಿಲ್ಲ. ಈ ಸಲ 750ಕ್ಕೆ ಹೋಗಲೇ, ಅಥವಾ ಒಳ್ಳೆಯ 650 ಸಾಕೇ?

ಇನ್ನು ರ್‍ಯಾಮ್. ಡಿಡಿಆರ್5, 6000 ವೇಗದ 16 ಜಿಬಿಯ ಎರಡು ಕಡ್ಡಿ ಹಾಕುವ ಯೋಚನೆ. ಮುಂದೆ ಇನ್ನೆರಡು ಸೇರಿಸಿದರೆ ವೇಗ ಇಳಿಯುತ್ತದೆ ಅಂತಾರೆ. ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್‌ನಲ್ಲಿ ನಾಲ್ಕೂ ಸ್ಲಾಟ್ ತುಂಬಿ 6000ದಲ್ಲೇ ಓಡಿಸುತ್ತಿರುವವರು ಇದ್ದೀರಾ? ಇಲ್ಲದಿದ್ದರೆ ಈಗಲೇ 32ರ ಎರಡು ತಗೊಂಡುಬಿಡುತ್ತೇನೆ.

ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಅಳೆದಿದ್ದೇನೆ, ಕಾರ್ಡ್ ಕೂರುತ್ತದೆ. ಸ್ವತಃ ಬಳಸಿದವರು ಹೇಳಿದರೆ ತುಂಬಾ ಉಪಕಾರ.