ಉಮ್ ಕುಲ್ಸುಮ್ ಹಾಡು ಯಾಕೆ ಮುಗಿಯಲ್ಲ ಅಂತ ಕೇಳಿದ ಅತ್ತಿಗೆಗೆ

ಅತ್ತಿಗೆ, ನಮಸ್ಕಾರ. ದುಬೈನಲ್ಲಿ ಈಜಿಪ್ಟಿನ ಟ್ಯಾಕ್ಸಿಯವರು ಹಾಕಿದ್ದ ಹಾಡು ಇಳಿಯೋ ತನಕ ಮುಗೀಲೇ ಇಲ್ಲ, ಮನೆಗೆ ಬಂದು ಹುಡುಕಿದ್ರೆ ಐದು ನಿಮಿಷದ್ದು ಸಿಕ್ತು, ಅದರಲ್ಲಿ ಏನೂ ಸ್ವಾರಸ್ಯ ಇಲ್ಲ ಅಂದ್ರಲ್ಲ. ನಿಮಗೆ ಸಿಕ್ಕಿದ್ದು ಕತ್ತರಿಸಿದ ತುಂಡು. ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಅವರದ್ದು ಕಚೇರಿ ಸಂಗೀತ. ತುಂಡು ಮಾಡಿದ್ರೆ ಪಲ್ಲವಿ ಉಳಿಯುತ್ತೆ, ನೆರವಲ್, ಅಂದ್ರೆ ಒಂದೇ ಸಾಲನ್ನ ಬೇರೆ ಬೇರೆ ಥರ ಬೆಳೆಸಿ ಹಾಡೋದು, ಹೋಗುತ್ತೆ.

ಅವರು ನೈಲ್ ಮುಖಜ ಭೂಮಿಯ ಒಂದು ಹಳ್ಳಿಯವರು. ತಂದೆ ಮಸೀದಿಯ ಇಮಾಮರು, ಮದುವೆ ಮನೆಗಳಲ್ಲಿ ಭಕ್ತಿಗೀತೆ ಹಾಡ್ತಿದ್ರು. ಮಗಳಿಗೆ ಗಂಡು ಹುಡುಗನ ವೇಷ ಹಾಕಿಸಿ ಜೊತೆಗೆ ಕರ್ಕೊಂಡು ಹೋಗ್ತಿದ್ರು. ಚಿಕ್ಕವರಿದ್ದಾಗ ಕುರಾನ್ ಪಠಣ ಕಲಿತಿದ್ದರಿಂದ ಉಚ್ಚಾರ ಅಷ್ಟು ಸ್ಪಷ್ಟ. ಒಂದು ಅಕ್ಷರವೂ ನುಂಗಿಹೋಗಲ್ಲ. 1920ರ ದಶಕದ ಶುರುವಿನಲ್ಲಿ ಕೈರೋಗೆ ಬಂದ್ರು. 1926ರಲ್ಲಿ ಮನೆಯವರ ಹಿಮ್ಮೇಳ ಬಿಟ್ಟು ಊದ್, ಕಾನೂನ್ ಅನ್ನೋ ತಂತಿವಾದ್ಯ, ಪಿಟೀಲು, ಇವುಗಳ ನುರಿತ ವಾದಕರನ್ನ ಕೂರಿಸ್ಕೊಂಡ್ರು. ಊದ್ ಅಂದ್ರೆ ವೀಣೆಗಿರೋ ಥರ ಮೆಟ್ಟಿಲಿಲ್ಲದ ಗಿಡ್ಡ ಕತ್ತಿನ ತಂತಿವಾದ್ಯ. ಅದನ್ನ ನುಡಿಸ್ತಿದ್ದವರು ಮುಹಮ್ಮದ್ ಅಲ್ ಕಸಬ್ಜಿ. ದೊಡ್ಡ ಸಂಯೋಜಕರು. ಅವರ ರಾಗಸಂಯೋಜನೆಗಳನ್ನ ಉಮ್ ಕುಲ್ಸುಮ್ ಹಾಡೋದು ನಿಂತ ಎಷ್ಟೋ ವರ್ಷದ ಮೇಲೂ, 1966ರಲ್ಲಿ ತೀರಿಕೊಳ್ಳೋವರೆಗೆ, ಹಿಂದೆ ಕೂತು ಊದ್ ನುಡಿಸ್ತಾನೇ ಇದ್ರು. ನನಗಂತೂ ಆ ನಿಷ್ಠೆ ದೊಡ್ಡದು ಅನ್ಸುತ್ತೆ.

ಹಾಡು ಉದ್ದ ಆಗಿದ್ದು ಹೇಗೆ ಅಂತ ಕೇಳಿ. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು–ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡೀತಿರಲಿಲ್ಲ. 1934ರಲ್ಲಿ ಈಜಿಪ್ಟಿನ ಸರ್ಕಾರಿ ರೇಡಿಯೋ ಶುರುವಾದ ಮೇಲೆ ಆ ಕಟ್ಟು ಬಿಚ್ಚಿತು. ತಿಂಗಳ ಮೊದಲ ಗುರುವಾರ ರಾತ್ರಿ ಅವರ ಕಚೇರಿ ನೇರ ಪ್ರಸಾರ ಆಗ್ತಿತ್ತು. ಒಂದು ರಾತ್ರಿಗೆ ಎರಡು–ಮೂರು ಹಾಡು ಅಷ್ಟೇ. 1970ರ ದಶಕದ ಆರಂಭದವರೆಗೂ ಹೀಗೇ ನಡೀತು.

ಈಗ ಕೇಳೋ ಕ್ರಮ. ಮೊದಲು 'ಇಂತ ಉಮ್ರಿ' ಹಾಕಿ. 1964ರದ್ದು, ಮುಹಮ್ಮದ್ ಅಬ್ದುಲ್ ವಹಾಬ್ ಅವರ ಸಂಯೋಜನೆ. ಹುಡುಕುವಾಗ ಹಾಡಿನ ಅವಧಿ ನೋಡ್ಕೊಳ್ಳಿ, ಒಂದು ಗಂಟೆ ಹತ್ತಿರ ಇರೋ ಕಚೇರಿಯ ಧ್ವನಿಮುದ್ರಣವೇ ಬೇಕು. ಶುರುವಿನ ಹಲವು ನಿಮಿಷ ಬರೀ ವಾದ್ಯ, ಅವರು ಕುರ್ಚಿಯಲ್ಲಿ ಕೂತೇ ಇರ್ತಾರೆ. ಅಯ್ಯೋ, ಹಾಡೇ ಬರ್ಲಿಲ್ಲ ಅಂತ ಮುಂದಕ್ಕೆ ಓಡಿಸ್ಬೇಡಿ. ಎದ್ದು ಮುಂದೆ ಬಂದ್ರೆ ಕೈಯಲ್ಲೊಂದು ರೇಷ್ಮೆ ಕರವಸ್ತ್ರ.

ಇದನ್ನೇ ಮೊದಲು ಹೇಳೋದಕ್ಕೆ ಕಾರಣ ಇದೆ. ಇದರ ಮಕಾಮ್, ಅಂದ್ರೆ ಅವರ ರಾಗ, ಕುರ್ದ್. ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಹನುಮತೋಡಿ ರಾಗದವೇ, ಗಮಕ, ಅಂದ್ರೆ ಸ್ವರವನ್ನ ಆಡಿಸೋ ರೀತಿ, ಮಾತ್ರ ಬೇರೆ. ಎರಡು ಮೆಟ್ಟಿಲ ನಡುವೆ ನಿಲ್ಲೋ ಸ್ವರ ಈ ಮಕಾಮಿನಲ್ಲಿಲ್ಲ, ಅದಕ್ಕೇ ಮೆಟ್ಟಿಲಿರೋ ಎಲೆಕ್ಟ್ರಿಕ್ ಗಿಟಾರೂ ಇದರಲ್ಲಿ ಹೊಂದ್ಕೊಂಡಿದೆ, ನಮ್ಮ ಕಿವಿಗೂ ತೊಡಕಾಗಲ್ಲ.

ಒಂದು ವಾರ ಬಿಟ್ಟು 'ಅಲ್ ಅತ್ಲಾಲ್' ಕೇಳಿ. 1966ರದ್ದು, ಇಬ್ರಾಹಿಂ ನಾಜಿಯವರ ಕವಿತೆ, ರಿಯಾದ್ ಅಲ್ ಸುನ್ಬಾತಿ ಅವರ ಸಂಗೀತ. ಇಲ್ಲಿ ನೀವು ಸಂಗೀತ ಕಲಿತಿರೋದರಿಂದಲೇ ಎಡವೋದು. ನಮ್ಮ 'ಗ' ಸ್ವರದ ಎರಡು ರೂಪಗಳಾದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ನಿಲ್ಲೋ ಥರದ ಸ್ವರಗಳು ಬರ್ತವೆ, ಹಾರ್ಮೋನಿಯಂನಲ್ಲಿ ಹುಡುಕಿದ್ರೂ ಸಿಗಲ್ಲ. ಅಪಸ್ವರ ಅನ್ಸುತ್ತೆ, ಆದ್ರೆ ಅಪಸ್ವರ ಅಲ್ಲ. ಅವರು ನಿಂತಿರೋ ಜಾಗವೇ ಅದು. ಎರಡು ಮೂರು ಸಲ ಕೇಳಿದ್ರೆ ಕಿವಿ ಒಗ್ಗುತ್ತೆ.

ಒಂದೇ ಸಾಲು ಮತ್ತೆ ಮತ್ತೆ ಬಂದಾಗ ಸಾಹಿತ್ಯ ಬಿಟ್ಟು ಸಾಲಿನ ಕೊನೆಯನ್ನೇ ಹಿಡೀರಿ. ಮೊದಲ ಸಲ ನೇರ ಇಳೀತಾರೆ, ಮುಂದಿನ ಸಲ ಒಂದು ಪದದ ಮೇಲೆ ನಿಂತು ಎಳೀತಾರೆ, ಆಮೇಲೆ ಬೇರೆ ಮಕಾಮ್ ಮುಟ್ಟಿ ವಾಪಸ್ ಬರ್ತಾರೆ. ಸಭೆ ಕೂಗಿದ್ರೆ ಅದೇ ಸಾಲು ಇನ್ನೊಮ್ಮೆ. ಕೇಳುಗರಿಗೆ ಆಗೋ ಈ ತನ್ಮಯತೆಗೆ ಅವರು 'ತರಬ್' ಅಂತಾರೆ. ಹಾಗಾಗಿ ಸಭೆಯ ಗದ್ದಲ ತೆಗೆದು 'ಸ್ವಚ್ಛ' ಮಾಡಿದ ಧ್ವನಿಮುದ್ರಣ ಇಟ್ಕೋಬೇಡಿ. ಯಾಕೆ ಆ ಸಾಲು ತಿರುಗಿ ಬಂತು ಅನ್ನೋದೇ ಗೊತ್ತಾಗಲ್ಲ.

ಇಸ್ರೇಲ್ ಜೊತೆಗಿನ 1967ರ ಯುದ್ಧದಲ್ಲಿ ಈಜಿಪ್ಟ್ ಸೋತ ಮೇಲೆ ದೇಶಕ್ಕಾಗಿ ಹಣ ಕೂಡಿಸೋಕೆ ಹೊರದೇಶಗಳಲ್ಲೂ ಹಾಡಿದ್ರು. ಆ ವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಹಾಡಿದ 'ಅಲ್ ಅತ್ಲಾಲ್' ಧ್ವನಿಮುದ್ರಣ ಸಿಕ್ಕಿದ್ರೆ ಅದನ್ನೇ ಹಾಕಿ ಅತ್ತಿಗೆ. ಕಾರಿನಲ್ಲಿ ಬೇಡ, ರಾತ್ರಿ ಊಟ ಆದ್ಮೇಲೆ, ದೀಪ ಕಮ್ಮಿ ಮಾಡ್ಕೊಂಡು.